ಏಳನೇ ವಸತಿಗೃಹದ ಹಿತ್ತಿಲಲ್ಲಿ ಉಳಿದುಹೋದ ಈರುಳ್ಳಿಯ ಬಗ್ಗೆ

ಇಲಾಖಾ ಕಚೇರಿ
ವಸತಿಗೃಹ ಶಾಖೆ
ಸಂಖ್ಯೆ: ವಗೃಶಾ/ಹಿತ್ತಿಲು/ಈರು/೧೧೨/ಭಾಗ-೨

ಸುತ್ತೋಲೆ

ವಿಷಯ: ವರ್ಗಾವಣೆಗೊಂಡ ನೌಕರರು ವಸತಿಗೃಹದ ಹಿತ್ತಿಲಲ್ಲಿ ನೆಟ್ಟಿರುವ, ಇನ್ನೂ ಕೀಳದಿರುವ, ಬಿಟ್ಟುಹೋಗಲು ಮನಸ್ಸೂ ಬಾರದಿರುವ ಈರುಳ್ಳಿಯ ಒಡೆತನ, ನೀರು, ಹೊದಿಕೆ ಹಾಗೂ ಕತ್ತಿನ ಕುರಿತು.

ಉಲ್ಲೇಖ:
(೧) ಟಪಾಲು ಗುಮಾಸ್ತೆಯವರ ಕಾಲಾವಕಾಶ ಕೋರಿಕೆ ಅರ್ಜಿ.
(೨) ಸದರಿ ಅರ್ಜಿಯ ಮೇಲೆ ವೈದ್ಯಾಧಿಕಾರಿಗಳ ವರದಿ (ಕತ್ತು).
(೩) ಮೋಜಣಿದಾರರು ತಯಾರಿಸಿದ ಈರುಳ್ಳಿ ಮಟ್ಟದ ನಕ್ಷೆ, ಹಾಳೆ ೧ರಿಂದ ೪.
(೪) ಮೋಜಣಿದಾರರ ತಾಯಿಯವರ ಮೌಖಿಕ ಹೇಳಿಕೆಗಳು. ಎಣಿಸಿಲ್ಲ.

ಪ್ರಸ್ತಾವನೆ:

ಇದೇ ವಿಷಯದ ಮೇಲೆ ಹೊರಡಿಸಲಾದ ಸುತ್ತೋಲೆಯ ಭಾಗ-೧ನ್ನು ಓದಿದ ನೌಕರರು “ಇದೇನ್ರೀ ಇದು?” ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತ ಅರ್ಧ ದಿನದ ಕೆಲಸ ಕೆಡಿಸಿಕೊಂಡಿರುವುದು ಶಾಖೆಯ ಗಮನಕ್ಕೆ ಬಂದಿದೆ. ಆದ್ದರಿಂದ ನಡೆದದ್ದನ್ನು ನಡೆದಂತೆ ತಿಳಿಸಿ, ಆಯಾ ಘಟನೆಯ ಬೆನ್ನಿಗೇ ಆಯಾ ನಿಯಮವನ್ನು ನೀಡುವುದು ಸೂಕ್ತವೆಂದು ತೀರ್ಮಾನಿಸಲಾಗಿದೆ. ಆಡಿದ ಮಾತುಗಳನ್ನು ಆಡಿದಂತೆಯೇ ದಾಖಲಿಸಲಾಗಿದೆ. ಶಾಖೆಯ ಅಧೀಕ್ಷಕರ ಮಾತುಗಳಲ್ಲಿ ಮಾತ್ರ ವ್ಯಾಕರಣ ತಿದ್ದಲಾಗಿದೆ.

ಏಳನೇ ವಸತಿಗೃಹದಲ್ಲಿ ವಾಸವಿದ್ದವರು ಟಪಾಲು ಗುಮಾಸ್ತೆಯವರು. ಕಚೇರಿಗೆ ಬರುವ ಪ್ರತಿಯೊಂದು ಲಕೋಟೆಯನ್ನೂ ಬಿಡಿಸಿ, ಮುದ್ರೆ ಒತ್ತಿ, ವಹಿಯಲ್ಲಿ ನಮೂದಿಸಿ, ಸಂಬಂಧಪಟ್ಟ ಮೇಜಿಗೆ ಕಳಿಸುವುದು ಇವರ ಕೆಲಸ. ಇಪ್ಪತ್ತನಾಲ್ಕು ವರ್ಷದ ಸೇವೆ. ಇಡೀ ಕಚೇರಿ ಇವರನ್ನು ಟಪಾಲಕ್ಕ ಎಂದೇ ಕರೆಯುತ್ತದೆ. ಹಾಗೆ ಕರೆಯಲು ಅನುಮತಿ ಪಡೆದಿರುವುದು ದಾಖಲೆಯಲ್ಲಿ ಕಂಡುಬಂದಿಲ್ಲ. ಆದರೆ ಮುಂದಿನ ಪುಟಗಳ ಅನುಕೂಲಕ್ಕಾಗಿ ಇಲ್ಲಿಯೂ ಅದನ್ನೇ ಬಳಸಲಾಗಿದೆ.

ಟಪಾಲಕ್ಕನಿಗೆ ಹಿತ್ತಿಲೆಂದರೆ ಜೀವ. ಆದರೆ ಹಿತ್ತಿಲಿಗೂ ಅವರಿಗೂ ಋಣವಿರಲಿಲ್ಲ. ಮೊದಲ ವಸತಿಗೃಹದಲ್ಲಿ ಟೊಮೇಟೊ ಹಾಕಿದರು, ಕಾಯಿ ಇನ್ನೂ ಹಸಿರಾಗಿರುವಾಗಲೇ ವರ್ಗಾವಣೆ ಬಂತು. ಎರಡನೆಯದರಲ್ಲಿ ಹುರುಳಿಕಾಯಿ ಬಳ್ಳಿ ಹಬ್ಬಿಸಿದರು, ಹೂ ಬಿಟ್ಟ ವಾರಕ್ಕೆ ವರ್ಗಾವಣೆ ಬಂತು. ಮೂರನೆಯದರಲ್ಲಿ ಬದನೆ, ಅಲ್ಲೂ ಅದೇ ಕತೆ. ತಾವು ನೆಟ್ಟ ಒಂದೇ ಒಂದು ತರಕಾರಿಯನ್ನೂ ಅವರು ಬಾಯಿಗಿಟ್ಟವರಲ್ಲ. ಅದನ್ನು ಅವರು ಎಲ್ಲೂ ದೂರಾಗಿ ಬರೆದಿಲ್ಲ. ಆದರೆ ನಾಲ್ಕನೆಯ ಬಾರಿ ಏಳನೇ ವಸತಿಗೃಹದ ಬೀಗದ ಕೈ ಪಡೆಯುವಾಗ ಅಧೀಕ್ಷಕರ ಮುಂದೆ ಒಂದು ಮಾತು ಆಡಿದ್ದರು:

“ಈ ಸಲ ಮಣ್ಣೊಳಗೆ ತೆಪ್ಪಗೆ ಬೆಳೆಯೋದನ್ನ ಹಾಕ್ತೀನಿ ಸಾರ್. ಮೇಲೆ ಕಾಯಿ ನೇತಾಡಿದ್ರೆ ವರ್ಗಾವಣೆಗೆ ವಾಸನೆ ಬಡಿಯತ್ತೆ.”

ವಾಸನೆಯ ದೃಷ್ಟಿಯಿಂದ ಈರುಳ್ಳಿಯ ಆಯ್ಕೆ ಎಷ್ಟು ಸರಿ ಎಂಬುದನ್ನು ಶಾಖೆ ಪರಿಶೀಲಿಸಿಲ್ಲ.

ಅವರು ಹಿತ್ತಿಲಲ್ಲಿ ಎರಡು ಮಾರು ಉದ್ದದ ಪಾತಿ ಮಾಡಿ, ನಾಲ್ಕು ಬೆರಳಿಗೊಂದರಂತೆ ನೂರ ಹನ್ನೆರಡು ಈರುಳ್ಳಿ ಸಸಿ ನೆಟ್ಟರು. ಈರುಳ್ಳಿಯ ಬೇರು ಮೇಲುಮೇಲೆಯೇ ಇರುವುದರಿಂದ ಗುದ್ದಲಿ ತಾಗಿಸಲಿಲ್ಲ. ಲಕೋಟೆ ಬಿಡಿಸುವ ಚಾಕುವಿನಿಂದ ಕುಳಿತು ಕುಳಿತು ಕಳೆ ತೆಗೆದರು. ಪ್ರತಿ ಸಾಲಿನ ತುದಿಗೂ ಸವೆದುಹೋದ ರಬ್ಬರ್ ಮುದ್ರೆಯೊಂದನ್ನು ಗುರುತಿಗಾಗಿ ನೆಟ್ಟರು. ಹೀಗಾಗಿ ಮೂರನೆಯ ಸಾಲಿನಲ್ಲಿ “ಗೋಪ್ಯ” ಎಂದೂ ಐದನೆಯದರಲ್ಲಿ “ಮರಳಿ ಕಳುಹಿಸಿದೆ” ಎಂದೂ ಇತ್ತು. ಸಂಜೆ ಕಚೇರಿಯಿಂದ ಬಂದವರೇ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು, ಆ ದಿನ ಯಾರ್ಯಾರಿಗೆ ಏನೇನು ಪತ್ರ ಬಂತು ಎಂದು ಈರುಳ್ಳಿಗೆ ಹೇಳುತ್ತಿದ್ದರು.

ಮೇಲಿನ ಸಂಗತಿಗಳ ಹಿನ್ನೆಲೆಯಲ್ಲಿ ಈ ಮೂಲಕ ಎಲ್ಲ ನಿವಾಸಿಗಳಿಗೂ ತಿಳಿಯಪಡಿಸುವುದೇನೆಂದರೆ:

೧. ಹಿತ್ತಿಲಲ್ಲಿ ಈರುಳ್ಳಿ ನೆಡಲು ಅಡ್ಡಿಯಿಲ್ಲ. ನೆಟ್ಟವರು ಸಸಿಗಳ ಸಂಖ್ಯೆಯನ್ನು ನಮೂನೆ-ಈ ರಲ್ಲಿ ಭರ್ತಿ ಮಾಡತಕ್ಕದ್ದು. ಸತ್ತ ಸಸಿಗಳನ್ನು “ಗೈರುಹಾಜರು” ಕಾಲಂನಲ್ಲಿ ತೋರಿಸತಕ್ಕದ್ದು.

೨. ಕಚೇರಿಯ ಗೋಪ್ಯ ವಿಷಯಗಳನ್ನು ಈರುಳ್ಳಿಗೆ ಹೇಳತಕ್ಕದ್ದಲ್ಲ. ಈರುಳ್ಳಿಗೆ ಪದರಗಳಿದ್ದರೂ ಅದನ್ನು ಲಕೋಟೆಯೆಂದು ಪರಿಗಣಿಸಲಾಗುವುದಿಲ್ಲ.

ಸಸಿ ನೆಟ್ಟು ಮೂರು ತಿಂಗಳಾಗುವ ಹೊತ್ತಿಗೆ ಎಲೆಗಳು ಮೊಣಕಾಲುದ್ದ ಬಂದು, ಬುಡದಲ್ಲಿ ಗೆಡ್ಡೆ ಕೆಂಪಗೆ ಊದಿಕೊಳ್ಳತೊಡಗಿತ್ತು. ಆಗ ಒಂದು ಮಧ್ಯಾಹ್ನ ಟಪಾಲಕ್ಕ ಕಂದು ಬಣ್ಣದ ಲಕೋಟೆಯೊಂದನ್ನು ಬಿಡಿಸಿದರು. ಒಳಗಿದ್ದದ್ದು ಅವರದೇ ವರ್ಗಾವಣೆ. ಹತ್ತು ದಿನದೊಳಗೆ ಉಪಕಚೇರಿಗೆ ಹಾಜರಾಗತಕ್ಕದ್ದು; ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ.

ಆದರೂ ಕೆಲಸ ಕೆಲಸವೇ. ಪತ್ರಕ್ಕೆ ಮುದ್ರೆ ಒತ್ತಿದರು. ವಹಿಯಲ್ಲಿ ಬರೆದರು. “ಸಂಬಂಧಪಟ್ಟವರಿಗೆ ತಲುಪಿಸಲಾಗಿದೆ” ಎಂದು ಷರಾ ಹಾಕಿದರು. ಎದ್ದು ಮೇಜಿನ ಸುತ್ತ ನಡೆದು ಆಚೆ ಬದಿಗೆ ಬಂದು, ಪತ್ರ ಸ್ವೀಕರಿಸಿದ್ದಕ್ಕೆ ಸಹಿ ಮಾಡಿದರು. ಮತ್ತೆ ಈಚೆಗೆ ಬಂದು ಕುರ್ಚಿಯಲ್ಲಿ ಕೂತರು. ಆ ದಿನ ಉಳಿದ ಹೊತ್ತೆಲ್ಲ ಬಂದ ಪತ್ರಗಳಿಗೆಲ್ಲ, ಗೋಡೆ ಕ್ಯಾಲೆಂಡರ್ ಕೋರಿ ಬಂದಿದ್ದಕ್ಕೂ ಸೇರಿ, “ಅತಿ ತುರ್ತು” ಎಂದು ಮುದ್ರೆ ಒತ್ತಿರುವುದು ತಪಾಸಣೆಯಲ್ಲಿ ಕಂಡುಬಂದಿದೆ.

ಮರುದಿನ ಅವರು ಅರ್ಜಿ ಸಲ್ಲಿಸಿದರು. “ನಾನು ಬೆಳೆದಿರುವ ಈರುಳ್ಳಿಯ ಕತ್ತು ಇನ್ನೂ ಬಿದ್ದಿರುವುದಿಲ್ಲವಾದ್ದರಿಂದ, ಕತ್ತು ಬೀಳುವವರೆಗೆ, ಅಂದಾಜು ಮೂವತ್ತೈದು ದಿನ, ಕಾಲಾವಕಾಶ ನೀಡಬೇಕಾಗಿ ಪ್ರಾರ್ಥನೆ.” ಗೆಡ್ಡೆ ಬಲಿತಾಗ ಈರುಳ್ಳಿಯ ಎಲೆಗಳು ಬುಡದ ಹತ್ತಿರ ಮೆತ್ತಗಾಗಿ ನೆಲಕ್ಕೆ ಮಲಗುತ್ತವೆ, ಇದಕ್ಕೆ ಬೆಳೆಗಾರರು ಕತ್ತು ಬೀಳುವುದು ಎನ್ನುತ್ತಾರೆ ಎಂಬುದು ಈಗ ಶಾಖೆಗೆ ತಿಳಿದಿದೆ. ಆಗ ತಿಳಿದಿರಲಿಲ್ಲ. ಅಧೀಕ್ಷಕರು ಕೆಲಸದ ಒತ್ತಡದಿಂದಾಗಿ ಅರ್ಜಿಗಳಲ್ಲಿ ಅಡಿಗೆರೆ ಎಳೆದ ಪದಗಳನ್ನು ಮಾತ್ರ ಓದುವ ಪದ್ಧತಿ ಇರಿಸಿಕೊಂಡಿದ್ದಾರೆ. ಟಪಾಲಕ್ಕ “ಕತ್ತು” ಎಂಬಲ್ಲಿ ಎರಡು ಕಡೆ ಗೆರೆ ಎಳೆದಿದ್ದರು. ಅರ್ಜಿಯನ್ನು ವೈದ್ಯಾಧಿಕಾರಿಗಳಿಗೆ ಕಳಿಸಲಾಯಿತು.

ವೈದ್ಯಾಧಿಕಾರಿಗಳು ಟಪಾಲಕ್ಕನನ್ನು ಕೂರಿಸಿ, ಕತ್ತನ್ನು ಎಡಕ್ಕೆ, ಬಲಕ್ಕೆ, ಮೇಲಕ್ಕೆ ತಿರುಗಿಸಿ ನೋಡಿದರು.

“ನೋವಿದೆಯಾ?”

“ಇಲ್ಲ ಡಾಕ್ಟ್ರೇ.”

“ಮತ್ತೆ ಬೀಳತ್ತೆ ಅಂತ ಬರೆದಿದ್ದೀರಿ?”

“ನಂದಲ್ಲ. ಈರುಳ್ಳೀದು.”

ವೈದ್ಯಾಧಿಕಾರಿಗಳು ಬಾಗಿಲಾಚೆ ಇಣುಕಿ ನೋಡಿ, “ಅದನ್ನ ಕರ್ಕೊಂಡು ಬಂದಿಲ್ವಾ?” ಎಂದರು.

“ಹಿತ್ತಲಲ್ಲಿದೆ. ನೂರ ಹನ್ನೆರಡಿವೆ.”

“ಅಷ್ಟು ಜನಾನ ಒಂದೇ ದಿನ ನೋಡೋಕಾಗಲ್ಲಮ್ಮ,” ಎಂದು ಹೇಳಿ ವೈದ್ಯಾಧಿಕಾರಿಗಳು ವರದಿ ಬರೆದರು: “ಅರ್ಜಿದಾರರ ಕತ್ತು ನೆಟ್ಟಗಿದೆ. ಸದ್ಯದಲ್ಲಿ ಬೀಳುವ ಲಕ್ಷಣಗಳಿಲ್ಲ. ಸಂಬಂಧಿಸಿದ ಈರುಳ್ಳಿ ತಪಾಸಣೆಗೆ ಹಾಜರಾಗಿರುವುದಿಲ್ಲ.” ಈ ವರದಿಯ ಆಧಾರದ ಮೇಲೆ ಅರ್ಜಿಯನ್ನು ತಿರಸ್ಕರಿಸಲಾಯಿತು. ತಿರಸ್ಕಾರದ ಪತ್ರವೂ ಟಪಾಲಿನಲ್ಲೇ ಬಂತು. ಟಪಾಲಕ್ಕ ಮತ್ತೊಮ್ಮೆ ಮೇಜಿನ ಸುತ್ತ ನಡೆದು ಹೋಗಿ ಸಹಿ ಮಾಡಿದರು.

೩. ಇನ್ನು ಮುಂದೆ ಕತ್ತಿನ ಕುರಿತು ಬರೆಯುವ ಎಲ್ಲ ಅರ್ಜಿದಾರರು ಕತ್ತು ಯಾರದು ಎಂಬುದನ್ನು ಅರ್ಜಿಯ ಮೊದಲ ಸಾಲಿನಲ್ಲೇ ಸ್ಪಷ್ಟಪಡಿಸತಕ್ಕದ್ದು, ಮತ್ತು ಗೆರೆಯನ್ನು “ಈರುಳ್ಳಿ” ಎಂಬ ಪದದ ಕೆಳಗೂ ಎಳೆಯತಕ್ಕದ್ದು.

೪. ಈರುಳ್ಳಿಯ ಕತ್ತನ್ನು ಪ್ರಮಾಣೀಕರಿಸುವ ಅಧಿಕಾರವನ್ನು ವೈದ್ಯಾಧಿಕಾರಿಗಳಿಂದ ಹಿಂಪಡೆಯಲಾಗಿದೆ. ಇದರಿಂದ ತಮಗೆ ಬೇಸರವಾಗಿಲ್ಲವೆಂದು ಅವರು ಬರೆದುಕೊಟ್ಟಿದ್ದಾರೆ.

ಹತ್ತನೆಯ ದಿನ ಬೆಳಿಗ್ಗೆ ವಸತಿಗೃಹದ ಹಸ್ತಾಂತರ ಏರ್ಪಡಿಸಲಾಯಿತು. ಹೊಸದಾಗಿ ಬಂದ ನಿವಾಸಿ ಇಲಾಖೆಯ ಮೋಜಣಿದಾರರು. ಉದ್ದನೆಯ, ಮಿತಭಾಷಿ ಮನುಷ್ಯ, ಅಳತೆಯಿಲ್ಲದೆ ಏನನ್ನೂ ನಂಬುವವರಲ್ಲ. ಜೊತೆಗೆ ಅವರ ತಾಯಿ. ತಾಯಿಯವರು ಅಳತೆಯಿಲ್ಲದೆ ಮಾತಾಡುವವರು. ಸಾಮಾನಿನ ಗಾಡಿಯಿಂದ ಇಳಿಯುವ ಮೊದಲೇ ಎದುರು ಮನೆಯವರ ಮಗಳ ಮದುವೆ ಯಾಕೆ ತಡವಾಗಿದೆ ಎಂದು ತಿಳಿದುಕೊಂಡಿದ್ದರು.

ಅಧೀಕ್ಷಕರು ಪಟ್ಟಿ ಹಿಡಿದು ಒಂದೊಂದಾಗಿ ಗುರುತು ಹಾಕುತ್ತ ಬಂದರು. ಫ್ಯಾನು ಎರಡು. ನಲ್ಲಿ ಮೂರು, ಒಂದು ಸೋರುತ್ತದೆ. ಬಾಗಿಲ ಚಿಲಕ ಆರು. ಹಿಂಬಾಗಿಲು ತೆರೆದು ಹಿತ್ತಿಲಿಗೆ ಕಾಲಿಟ್ಟವರು ಅಲ್ಲೇ ನಿಂತರು. ಪಟ್ಟಿಯಲ್ಲಿ ಈರುಳ್ಳಿ ಇರಲಿಲ್ಲ.

“ಇದು ಚರ ಆಸ್ತಿಯೋ ಸ್ಥಿರ ಆಸ್ತಿಯೋ?” ಎಂದು ಅಧೀಕ್ಷಕರು ಕೇಳಿದರು.

“ಈರುಳ್ಳಿ ಸಾರ್,” ಎಂದರು ಟಪಾಲಕ್ಕ.

ಅಧೀಕ್ಷಕರು ನಿಯಮಾವಳಿಯ ಪುಸ್ತಕ ತೆಗೆದು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ಓದಿ, ನಿರ್ಧಾರ ತಿಳಿಸಿದರು: ನೆಲದ ಮೇಲಿರುವುದು ಚರ, ಆದ್ದರಿಂದ ಹೊರಹೋಗುವ ನಿವಾಸಿಯದು. ನೆಲದ ಕೆಳಗಿರುವುದು ಸ್ಥಿರ, ಆದ್ದರಿಂದ ಇಲಾಖೆಯದು.

“ಅಂದ್ರೆ ಎಲೆ ನಂದು, ಗೆಡ್ಡೆ ನಿಮ್ಮದು?”

“ನನ್ನದಲ್ಲ. ಇಲಾಖೆಯದು.”

“ಈಗ ಎಲೆ ಕೊಯ್ದ್ರೆ ಗೆಡ್ಡೆ ಬೆಳೆಯಲ್ಲ ಸಾರ್.”

“ಹಾಗಾದಲ್ಲಿ ಅದು ಗೆಡ್ಡೆಯ ಕರ್ತವ್ಯಲೋಪ.”

ಟಪಾಲಕ್ಕನ ಟೊಮೇಟೊ ಹೋಗಿತ್ತು, ಹುರುಳಿಕಾಯಿ ಹೋಗಿತ್ತು, ಬದನೆ ಹೋಗಿತ್ತು. ಆದರೆ ಅವು ಯಾವುವನ್ನೂ ಹೀಗೆ ಸೊಂಟದ ಮಟ್ಟಕ್ಕೆ ಸೀಳಿ ಪಾಲು ಮಾಡಿರಲಿಲ್ಲ. ಅವರು ಚೀಲ ಹೆಗಲಿಗೇರಿಸಿದರು. ಅಷ್ಟರಲ್ಲಿ ಮೋಜಣಿದಾರರು ಪಾತಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು.

“ಸಾರ್, ಗೆಡ್ಡೆ ಪೂರ್ತಿ ಕೆಳಗಿಲ್ಲ,” ಎಂದರು. “ಭುಜ ಹೊರಗಿದೆ.”

ನಿಜವೇ. ಈರುಳ್ಳಿ ಬಲಿಯುತ್ತ ಬಂದಂತೆ ಮಣ್ಣಿನಿಂದ ತಾನಾಗಿ ಮೇಲೆದ್ದು ಕೂರುತ್ತದೆ. ಅಧೀಕ್ಷಕರಿಗೆ ಇದು ನಿಯಮಾವಳಿಯನ್ನು ಅಣಕಿಸಿದಂತೆ ಕಂಡಿತು. ಕೂಡಲೇ ಅಳತೆಗೆ ಆದೇಶಿಸಲಾಯಿತು. ಮೋಜಣಿದಾರರು ಮೂರು ಕಾಲಿನ ಉಪಕರಣ ನಿಲ್ಲಿಸಿ, ಬೋರಲು ಮಲಗಿ, ಒಂದೊಂದು ಗೆಡ್ಡೆಯನ್ನೂ ಅಳೆದು ವರದಿ ನೀಡಿದರು: ಅರ್ಧಕ್ಕಿಂತ ಹೆಚ್ಚು ಹೊರಗಿರುವವು ನಲವತ್ತೊಂದು. ಅರ್ಧಕ್ಕಿಂತ ಹೆಚ್ಚು ಒಳಗಿರುವವು ಅರವತ್ತಮೂರು. ಸರಿಯಾಗಿ ಅರ್ಧ ಒಳಗೆ ಅರ್ಧ ಹೊರಗೆ ಇರುವವು ಎಂಟು. ಈ ಎಂಟನ್ನು ವಿವಾದಿತ ಈರುಳ್ಳಿ ಎಂದು ಘೋಷಿಸಿ, ಸುತ್ತ ಕೆಂಪು ಪಟ್ಟಿ ಕಟ್ಟಲಾಯಿತು.

೫. ಅರ್ಧಕ್ಕಿಂತ ಹೆಚ್ಚು ಹೊರಗಿರುವ ಈರುಳ್ಳಿಯು ನೆಟ್ಟವರದು. ಅರ್ಧಕ್ಕಿಂತ ಹೆಚ್ಚು ಒಳಗಿರುವುದು ಇಲಾಖೆಯದು. ಅಳತೆಯನ್ನು ವಾರಕ್ಕೊಮ್ಮೆ ಪರಿಷ್ಕರಿಸತಕ್ಕದ್ದು. ಅಳತೆಯ ಸಮಯದಲ್ಲಿ ಈರುಳ್ಳಿ ಬೆಳೆಯತಕ್ಕದ್ದಲ್ಲ.

ಟಪಾಲಕ್ಕ ಉಪಕಚೇರಿಗೆ ಹೋದರು. ಆದರೆ ನಲವತ್ತೊಂದು ಈರುಳ್ಳಿಯ ಒಡತಿಯಾಗಿ ಭಾನುವಾರ ಬಂದು ನೋಡುವ ಹಕ್ಕು ಅವರಿಗಿತ್ತು. ಮೊದಲ ಭಾನುವಾರ ಬೆಳಗಿನ ಬಸ್ಸು ಹಿಡಿದು, ನಾಲ್ಕು ಗಂಟೆ ಕುಲುಕಾಡಿ, ಹಿತ್ತಿಲ ಗೇಟು ತೆರೆದು ನೋಡಿದರೆ ಒಂದು ಗೆಡ್ಡೆಯೂ ಕಾಣುತ್ತಿಲ್ಲ. ಪಾತಿಯ ತುಂಬ ಹೊಸ ಮಣ್ಣು. ಮಣ್ಣಿನಿಂದ ಬರೀ ಎಲೆ ಎದ್ದಿದೆ.

ಮೋಜಣಿದಾರರ ತಾಯಿ ಬಾಗಿಲಲ್ಲಿ ನಿಂತು ಹೆಮ್ಮೆಯಿಂದ ಹೇಳಿದರು: “ಹೆಗಲೆಲ್ಲ ಬರಿದಾಗಿತ್ತಲ್ಲಮ್ಮ, ಪಾಪ. ಗಾಳಿ ಹೊಡೀತಿತ್ತು. ಎಲ್ಲಕ್ಕೂ ಹೊದಿಸಿಬಿಟ್ಟೆ.”

“ಅಯ್ಯೋ ಅಮ್ಮಾ! ಮಣ್ಣು ಮುಚ್ಚಿದ್ರೆ ಕತ್ತು ದಪ್ಪ ಆಗತ್ತೆ, ಗೆಡ್ಡೆ ಕೊಳೆಯತ್ತೆ. ಅಷ್ಟಲ್ಲದೆ ಈಗ ಎಲ್ಲಾನೂ ಇಲಾಖೆಗೆ ಸೇರಿಹೋಯ್ತು!”

“ಇಲಾಖೆ ಯಾರಮ್ಮಾ ಮಧ್ಯೆ? ಮಣ್ಣು ಹಾಕಿದ್ದು ನಾನು.”

ಟಪಾಲಕ್ಕ ಚೀಲದಿಂದ ಲಕೋಟೆಗೆ ಅಂಟು ಹಚ್ಚುವ ಬ್ರಷ್ಷು ತೆಗೆದು, ಮಂಡಿಯೂರಿ, ಒಂದೊಂದು ಗೆಡ್ಡೆಯ ಭುಜದಿಂದಲೂ ಮಣ್ಣು ಗುಡಿಸತೊಡಗಿದರು. “ಹೊದ್ದು ಮಲಗಿದ್ದವನ್ನ ಎಬ್ಬಿಸ್ತಿದ್ದಾಳೆ ನೋಡು,” ಎಂದು ಬೈಯುತ್ತಲೇ ತಾಯಿಯವರು ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದರು. ಟಪಾಲಕ್ಕ ಮುಖ ಊದಿಸಿಕೊಂಡೇ ಕುಡಿದರು. ಸಂಜೆಯ ಬಸ್ಸಿಗೆ ಅವರು ಹೋದ ಮೇಲೆ ತಾಯಿಯವರು ಮತ್ತೆ ಹೊದಿಸಿದರು. ಹೀಗೆ ಮೂರು ವಾರ ನಡೆಯಿತು. ಈರುಳ್ಳಿಯು ಸೋಮವಾರದಿಂದ ಶನಿವಾರದವರೆಗೆ ಇಲಾಖೆಯದಾಗಿಯೂ ಭಾನುವಾರ ಮಧ್ಯಾಹ್ನ ಟಪಾಲಕ್ಕನದಾಗಿಯೂ ಇತ್ತು. ಮೋಜಣಿದಾರರ ನಕ್ಷೆಯ ನಾಲ್ಕೂ ಹಾಳೆಗಳು ಒಂದಕ್ಕೊಂದು ಹೊಂದದಿರಲು ಇದೇ ಕಾರಣ.

ನೀರಿನದು ಇನ್ನೊಂದು ರಾಮಾಯಣ. ಈರುಳ್ಳಿ ಬಲಿಯುತ್ತ ಬಂದಾಗ ನೀರು ಕಡಿಮೆ ಮಾಡಬೇಕು. ಟಪಾಲಕ್ಕ ಉಪಕಚೇರಿಯಿಂದ ಕ್ರಮಸಂಖ್ಯೆ ಹಾಕಿ ಪತ್ರ ಕಳಿಸಿದರು: “ನೀರು ನಿಲ್ಲಿಸತಕ್ಕದ್ದು.” ತಾಯಿಯವರು ಮಗನ ಕೈಯಲ್ಲಿ ಅದೇ ಪತ್ರದ ಹಿಂಬದಿಗೆ ಉತ್ತರ ಬರೆಸಿದರು: “ನಾಲ್ಕು ಗಂಟೆ ಬಿಸಿಲಲ್ಲಿ ಬಂದವಳು ಚೊಂಬು ನೀರು ಒಂದೇ ಉಸಿರಿಗೆ ಕುಡೀತೀಯ. ಅವು ದಿನವಿಡೀ ಬಿಸಿಲಲ್ಲೇ ನಿಂತಿರ್ತವೆ. ನಿನಗೊಂದು ನ್ಯಾಯ, ಅವಕ್ಕೊಂದು ನ್ಯಾಯವಾ? ಹುಷಾರಾಗಿ ಬಾ.” ಈ ಉತ್ತರವನ್ನು ಟಪಾಲಕ್ಕ ವಹಿಯಲ್ಲಿ ನಮೂದಿಸಿದರು. “ಹುಷಾರಾಗಿ ಬಾ” ಎಂಬಲ್ಲಿ ಎರಡು ಗೆರೆ ಎಳೆದಿರುವುದು ಕಂಡುಬಂದಿದೆ. ಆ ಹೊತ್ತಿಗೆ ಅವರಿಗೆ ಹಾಗೆ ಬರೆಯುವವರು ಬೇರೆ ಯಾರೂ ಇರಲಿಲ್ಲ ಎಂಬುದನ್ನು ಸೇವಾ ಪುಸ್ತಕದ “ಅವಲಂಬಿತರು” ಕಾಲಂ ನೋಡಿದ ಯಾರಿಗಾದರೂ ತಿಳಿಯುತ್ತದೆ.

೬. ಈರುಳ್ಳಿಗೆ ಮಣ್ಣು, ಕಂಬಳಿ, ಶಾಲು ಅಥವಾ ಮಗನ ಹಳೆಯ ಬನಿಯನ್ನು ಹೊದಿಸತಕ್ಕದ್ದಲ್ಲ. ಈರುಳ್ಳಿಗೆ ಚಳಿಯಾಗುತ್ತಿದೆಯೇ ಎಂದು ತಿಳಿಯಬಯಸುವವರು ಲಿಖಿತವಾಗಿ ಕೇಳತಕ್ಕದ್ದು.

೭. ಬಲಿತ ಈರುಳ್ಳಿಗೆ ಬಾಯಾರಿಕೆಯಾಗುವುದಿಲ್ಲವೆಂದು ಈ ಮೂಲಕ ಘೋಷಿಸಲಾಗಿದೆ.

ಐದನೆಯ ವಾರದ ಶುಕ್ರವಾರ ಬೆಳಿಗ್ಗೆ ತಾಯಿಯವರು ಹಿಂಬಾಗಿಲು ತೆರೆದಾಗ ಪಾತಿಯಲ್ಲಿ ಮೂವತ್ತು ಈರುಳ್ಳಿಯ ಎಲೆಗಳು ನೆಲಕ್ಕೊರಗಿದ್ದವು. ಮಧ್ಯಾಹ್ನಕ್ಕೆ ಅರವತ್ತು. ಸಂಜೆಗೆ ನಿಂತಿದ್ದವು ಹನ್ನೆರಡೋ ಹದಿಮೂರೋ. ತಾಯಿಯವರು ಪಾತಿಯ ಪಕ್ಕ ತಲೆ ಮೇಲೆ ಕೈ ಹೊತ್ತು ಕೂತರು. ಹೊದಿಸಬೇಡ ಎಂದಿದ್ದರು ಟಪಾಲಕ್ಕ, ತಾವು ಹೊದಿಸಿದ್ದರು. ನೀರು ಬೇಡ ಎಂದಿದ್ದರು, ತಾವು ಹಾಕಿದ್ದರು. ಈಗ ಎಲ್ಲವೂ ಸತ್ತುಬಿದ್ದಿವೆ.

ಮೋಜಣಿದಾರರು ಕಚೇರಿಯಿಂದ ಬಂದಾಗ ಮನೆ ನಿಶ್ಶಬ್ದವಾಗಿತ್ತು. ತಮ್ಮ ಜೀವಮಾನದಲ್ಲಿ ತಾಯಿ ಸುಮ್ಮನಿದ್ದದ್ದನ್ನು ಅವರು ಕಂಡಿರಲಿಲ್ಲ. ಗಾಬರಿಯಾಗಿ ಹಣೆ ಮುಟ್ಟಿ ನೋಡಿದರು.

“ಜ್ವರ ಇಲ್ಲವೋ,” ಎಂದರು ತಾಯಿ. “ನಾಡಿದ್ದು ಆ ಹುಡುಗಿ ಬರ್ತಾಳೆ. ಅವಳು ಇಲ್ಲೀತನಕ ನೆಟ್ಟಿದ್ದು ಒಂದೂ ತಿಂದಿಲ್ವಂತೆ, ಹೋದ ವಾರ ಚಹಾ ಕುಡೀತಾ ಹೇಳಿದ್ಳು. ನಾನು ಕೊಂದುಹಾಕ್ಬಿಟ್ಟೆ. ಏನಂತ ಮುಖ ತೋರಿಸ್ಲಿ?”

ನಲವತ್ತೆಂಟು ವಯಸ್ಸಿನ ನೌಕರರನ್ನು ಹುಡುಗಿ ಎಂದು ಕರೆದಿರುವುದನ್ನು ಹೇಳಿಕೆಯಲ್ಲಿದ್ದಂತೆ ಉಳಿಸಿಕೊಳ್ಳಲಾಗಿದೆ.

ಮೋಜಣಿದಾರರು ತಮಗೆ ತಿಳಿದ ಒಂದೇ ವಿದ್ಯೆಯನ್ನು ಪ್ರಯೋಗಿಸಿದರು. ಶನಿವಾರ ಬೆಳಿಗ್ಗೆ ಉಗ್ರಾಣದಿಂದ ಅಳತೆಯ ಗೂಟಗಳನ್ನು ತಂದರು. ಒಂದೊಂದು ಈರುಳ್ಳಿಯ ಪಕ್ಕಕ್ಕೂ ಒಂದೊಂದು ಗೂಟ ನೆಟ್ಟರು. ತಾಯಿಯವರು ಹಳೆಯ ಸೀರೆಯೊಂದನ್ನು ಸಣ್ಣ ಸಣ್ಣ ಪಟ್ಟಿಯಾಗಿ ಹರಿದು, ಬಿದ್ದ ಎಲೆಗಳನ್ನು ಎತ್ತಿ, ಗೂಟಕ್ಕೆ ಕಟ್ಟಿದರು. ಸಂಜೆಯಾಗುವ ಹೊತ್ತಿಗೆ ನೂರ ಹನ್ನೆರಡು ಈರುಳ್ಳಿಗಳೂ ಮೂಳೆ ಮುರಿದವರ ವಾರ್ಡಿನ ರೋಗಿಗಳಂತೆ ಕತ್ತಿಗೆ ಪಟ್ಟಿ ಕಟ್ಟಿಸಿಕೊಂಡು ನೆಟ್ಟಗೆ ನಿಂತಿದ್ದವು. ಮೋಜಣಿದಾರರು ಸಾಲು ನೇರವಾಗಿದೆಯೇ ಎಂದು ಉಪಕರಣದಲ್ಲಿ ನೋಡಿ, ಎರಡನ್ನು ಎಡಕ್ಕೆ ಸರಿಪಡಿಸಿದರು.

ಭಾನುವಾರ ಟಪಾಲಕ್ಕ ಬಂದಾಗ ಗೇಟಿನ ಬಳಿ ಅಧೀಕ್ಷಕರೂ ಇದ್ದರು. ಉಗ್ರಾಣದಿಂದ ನೂರ ಹನ್ನೆರಡು ಗೂಟಗಳು ಕಾಣೆಯಾಗಿವೆ ಎಂಬ ವರದಿಯ ಮೇಲೆ ಅವರು ಸ್ಥಳ ಪರಿಶೀಲನೆಗೆ ಬಂದಿದ್ದರು. ಇಬ್ಬರೂ ಒಟ್ಟಿಗೆ ಹಿತ್ತಿಲಿಗೆ ಬಂದು, ಒಟ್ಟಿಗೇ ನಿಂತರು.

ತಾಯಿಯವರು ಸೆರಗಿನ ತುದಿ ಹಿಡಿದುಕೊಂಡು ಮುಂದೆ ಬಂದರು. ಮೋಜಣಿದಾರರು ತಾಯಿಯ ಹಿಂದೆ ನಿಂತರು. ಅವರ ಎತ್ತರಕ್ಕೆ ಅದರಿಂದ ಏನೂ ಮರೆಯಾಗಲಿಲ್ಲ.

“ಬೈಯೋದಿದ್ರೆ ನನ್ನ ಬೈಯಮ್ಮ, ಅವನು ಗೂಟ ತಂದದ್ದಷ್ಟೇ,” ಎಂದರು ತಾಯಿ. “ನಿನ್ನ ಕೈಲಿ ಬೆಳೆದದ್ದು ನನ್ನ ಕೈಲಿ ಹೋಯ್ತು. ಎಲ್ಲಾ ಸತ್ತಿವೆ. ನಿನ್ನ ಹತ್ರ ಸುಳ್ಳು ಹೇಳೋಣ ಅಂತ ಎತ್ತಿ ಕಟ್ಟಿದ್ದೆ. ನಿನ್ನ ಮುಖ ನೋಡಿದ್ಮೇಲೆ ಆಗ್ತಾ ಇಲ್ಲ.”

ಟಪಾಲಕ್ಕ ಹೋಗಿ ಮೂರನೆಯ ಸಾಲಿನಲ್ಲಿ ಕೂತು ಒಂದು ಪಟ್ಟಿ ಬಿಚ್ಚಿದರು. ಎಲೆ ಮೆಲ್ಲಗೆ ಮಗ್ಗುಲಿಗೆ ಮಲಗಿತು. ಬುಡವನ್ನು ಎರಡು ಬೆರಳಲ್ಲಿ ಒತ್ತಿ ನೋಡಿದರು: ಕತ್ತು ಮೆತ್ತಗೆ, ಗೆಡ್ಡೆ ಗಟ್ಟಿ. ಅವರಿಗೆ ನಗು ಬಂತು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. ನಗುತ್ತ ನಗುತ್ತ ಯಾವ ಹೊತ್ತಿಗೋ ಕಣ್ಣಲ್ಲಿ ನೀರು ಧಾರೆಯಾಗಿತ್ತು. ಕಣ್ಣೀರಿಗೆ ಈರುಳ್ಳಿಯೇ ಕಾರಣವೆಂದು ಪಂಚನಾಮೆಯಲ್ಲಿ ಬರೆಯಲಾಗಿದೆ. ಆವರೆಗೆ ಒಂದೂ ಈರುಳ್ಳಿಯನ್ನು ಹೆಚ್ಚಿರಲಿಲ್ಲ.

“ಸತ್ತಿಲ್ಲಮ್ಮ,” ಎಂದರು ಟಪಾಲಕ್ಕ. “ಬಲಿತಿವೆ. ಕತ್ತು ಬಿದ್ರೆ ಊಟಕ್ಕೆ ಬಂತು ಅಂತ ಅರ್ಥ. ನಾನು ಕಾಯ್ತಿದ್ದಿದ್ದೇ ಇದಕ್ಕೆ.”

“ಅಯ್ಯೋ ನಿನ್ನ! ಮೊದಲೇ ಬಾಯಿಬಿಟ್ಟು ಹೇಳಬಾರದಿತ್ತಾ?”

“ಅರ್ಜೀಲಿ ಬರೆದಿದ್ದೆ,” ಎಂದು ಟಪಾಲಕ್ಕ ಅಧೀಕ್ಷಕರ ಕಡೆ ತಿರುಗಿ ನೋಡಿದರು.

ಅಧೀಕ್ಷಕರು ಆ ಸಮಯದಲ್ಲಿ ಆಕಾಶವನ್ನು ಪರಿಶೀಲಿಸುತ್ತಿದ್ದರು.

ಎಲ್ಲರೂ ಸೇರಿ ಕಿತ್ತರು. ಮೂರು ಗೆಡ್ಡೆ ಕೊಳೆತಿದ್ದವು, ಹತ್ತಾರು ಸಣ್ಣವಿದ್ದವು, ಉಳಿದವು ಮುಷ್ಟಿಗಾತ್ರ. ಕಿತ್ತು ಮುಗಿದಾಗ ಅಧೀಕ್ಷಕರ ತಲೆಗೆ ಒಂದು ಅಂಶ ಹೊಳೆಯಿತು: ಈಗ ಯಾವ ಈರುಳ್ಳಿಯೂ ನೆಲದ ಕೆಳಗಿಲ್ಲ. ಎಲ್ಲವೂ ಚರ. ಅವರು ಗಂಟಲು ಸರಿಪಡಿಸಿಕೊಂಡು, ಇಲಾಖೆಯ ಪಾಲು ಸೊನ್ನೆಯೆಂದು ಘೋಷಿಸಿದರು. ಕೇಳುವವರಿರಲಿಲ್ಲ. ತಾಯಿಯವರು ಅಷ್ಟರಲ್ಲಿ ಮೂರು ಕಲ್ಲು ಜೋಡಿಸಿ, ಒಣ ಕಡ್ಡಿ ಉರಿಸಿ, ಸಿಪ್ಪೆ ಸಮೇತ ಹತ್ತು ಈರುಳ್ಳಿ ಕೆಂಡಕ್ಕೆ ಹಾಕಿದ್ದರು.

ಸುಟ್ಟ ಸಿಪ್ಪೆ ಸುಲಿದು, ಉಪ್ಪು ಉದುರಿಸಿ, ಮೊದಲನೆಯದನ್ನು ಟಪಾಲಕ್ಕನ ಅಂಗೈಗೆ ಇಟ್ಟರು. ಬಿಸಿಗೆ ಅವರು ಅದನ್ನು ಆ ಕೈಯಿಂದ ಈ ಕೈಗೆ ಹಾರಿಸಿದರು. ಇಪ್ಪತ್ತನಾಲ್ಕು ವರ್ಷ, ನಾಲ್ಕು ಹಿತ್ತಿಲು. ಕಣ್ಣು ಮುಚ್ಚಿ ಕಚ್ಚಿದರು. ಮೂವರೂ ಅವರ ಬಾಯಿಯನ್ನೇ ನೋಡುತ್ತಿದ್ದರು.

“ಹೇಗಿದೆ?” ಎಂದು ತಾಯಿಯವರು ತಡೆಯಲಾರದೆ ಕೇಳಿದರು.

“ಖಾರ,” ಎಂದು ಹೇಳಿ ಟಪಾಲಕ್ಕ ಎರಡನೆಯದಕ್ಕೆ ಕೈ ಚಾಚಿದರು.

ಅಧೀಕ್ಷಕರು ಸಾಕ್ಷ್ಯದ ದೃಷ್ಟಿಯಿಂದ ಮಾದರಿಗಳನ್ನು ಸಂಗ್ರಹಿಸಿ ಸ್ಥಳದಲ್ಲೇ ಪರೀಕ್ಷಿಸಿದರು. ಒಟ್ಟು ಐದು ಮಾದರಿಗಳು. ಐದನೆಯದು ಮೊದಲ ನಾಲ್ಕರ ಫಲಿತಾಂಶವನ್ನು ದೃಢಪಡಿಸಿತು.

ಉಳಿದವನ್ನು ಹೆಣೆದು ಎರಡು ಜಡೆ ಮಾಡಿ, ಒಂದನ್ನು ಏಳನೇ ವಸತಿಗೃಹದ ಹಿಂದಿನ ಸೂರಿನ ನೆರಳಿಗೆ ತೂಗುಹಾಕಿ, ಇನ್ನೊಂದನ್ನು ಟಪಾಲಕ್ಕ ಹೆಗಲ ಮೇಲೆ ಹಾಕಿಕೊಂಡು ಸಂಜೆಯ ಬಸ್ಸು ಹತ್ತಿದರು. ಬಸ್ಸಿನಲ್ಲಿ ಪಕ್ಕದ ಸೀಟು ಉಪಕಚೇರಿಯವರೆಗೂ ಖಾಲಿಯೇ ಇತ್ತೆಂದು ತಿಳಿದುಬಂದಿದೆ.

೮. ಕತ್ತು ಬಿದ್ದ ಈರುಳ್ಳಿಯನ್ನು ಎತ್ತಿ ನಿಲ್ಲಿಸತಕ್ಕದ್ದಲ್ಲ. ಇಲಾಖೆಯ ಗೂಟಗಳನ್ನು ಭೂಮಿಯ ಅಳತೆಗೆ ಮಾತ್ರ ಬಳಸತಕ್ಕದ್ದು. ತಾಯಂದಿರ ಸಮಾಧಾನಕ್ಕಾಗಿ ಬಳಸುವವರು ಮುಂಚಿತವಾಗಿ ತಿಳಿಸಿದಲ್ಲಿ ಪರಿಗಣಿಸಲಾಗುವುದು.

೯. ಸೂರಿಗೆ ತೂಗುಹಾಕಿದ ಈರುಳ್ಳಿಗೆ ನೀರು ಹಾಕತಕ್ಕದ್ದಲ್ಲ. (ಈ ನಿಯಮವನ್ನು ಸೋಮವಾರ ಬೆಳಿಗ್ಗೆ ತುರ್ತಾಗಿ ಸೇರಿಸಲಾಗಿದೆ.)

೧೦. ಮಾದರಿ ಪರೀಕ್ಷೆಯ ಮರುದಿನ ಕಚೇರಿ ಸಭೆ ಕರೆಯತಕ್ಕದ್ದಲ್ಲ.

ಈ ಸುತ್ತೋಲೆ ಬೆರಳಚ್ಚಾಗುತ್ತಿರುವಾಗ ಉಪಕಚೇರಿಯಿಂದ ಬಂದ ಮಾಹಿತಿಯಂತೆ, ಟಪಾಲಕ್ಕನ ಹೊಸ ವಸತಿಗೃಹದ ಹಿತ್ತಿಲಲ್ಲಿ ಗೋಡೆ ತುಂಬ ಒಂದು ಸೋರೆಬಳ್ಳಿ ಹಬ್ಬಿದೆ. ಅದನ್ನು ನೆಟ್ಟವರು ಅಲ್ಲಿಂದ ವರ್ಗಾವಣೆಯಾಗಿ ಹೋದ ಚಾಲಕರು. ಈವರೆಗೆ ಟಪಾಲಕ್ಕ ಆ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ. ಸೋಮವಾರ ಅವರು ಚಾಲಕರಿಗೆ ಪತ್ರ ಬರೆದಿದ್ದಾರೆ: “ನಿಮ್ಮ ಬಳ್ಳಿಯಲ್ಲಿ ಎರಡು ಕಾಯಿ ಇವೆ. ಒಂದು ವಾರ ತಡೆದರೆ ಸರಿಯಾಗುತ್ತದೆ. ನೀರು ಹಾಕುತ್ತಿದ್ದೇನೆ, ತಪ್ಪಿದ್ದರೆ ಬೈಯಿರಿ. ಮನೆಯವರನ್ನೂ ಕರೆದುಕೊಂಡು ಬನ್ನಿ.” ಚಾಲಕರು ಬರುವುದಾಗಿ ಮರುಟಪಾಲಿನಲ್ಲೇ ಉತ್ತರಿಸಿದ್ದಾರೆ. ತಾವು ನೆಟ್ಟ ಬಳ್ಳಿ ಇನ್ನೂ ಇದೆ ಎಂಬುದನ್ನು ಅವರು ಮೊದಲು ನಂಬಲಿಲ್ಲವೆಂದೂ, ಎಂಥ ಬಣ್ಣದ ಗೋಡೆ ಎಂದು ಫೋನ್ ಮಾಡಿ ಎರಡು ಬಾರಿ ಕೇಳಿ ಖಚಿತಪಡಿಸಿಕೊಂಡರೆಂದೂ ತಿಳಿದುಬಂದಿದೆ.

ಆದ್ದರಿಂದ, ಮೇಲಿನ ಎಲ್ಲ ನಿಯಮಗಳಲ್ಲಿ ಏನೇ ಹೇಳಿದ್ದರೂ:

೧೧. ಇಲಾಖೆಯ ಯಾವುದೇ ವಸತಿಗೃಹದ ಹಿತ್ತಿಲ ಗೇಟಿಗೆ ಭಾನುವಾರಗಳಂದು ಬೀಗ ಹಾಕತಕ್ಕದ್ದಲ್ಲ.

(ಸಹಿ/-)
ಅಧೀಕ್ಷಕರು
ವಸತಿಗೃಹ ಶಾಖೆ
(ಸಹಿಯ ಪಕ್ಕದಲ್ಲಿರುವ ಮಸಿಯ ಗುರುತು ಮುದ್ರೆಯದಲ್ಲ, ಹೆಬ್ಬೆರಳಿನದು.)

ಪ್ರತಿಗಳು:
೧. ವೈದ್ಯಾಧಿಕಾರಿಗಳಿಗೆ, ಮಾಹಿತಿಗಾಗಿ. ಉತ್ತರ ಅಪೇಕ್ಷಿಸಿಲ್ಲ.
೨. ಉಗ್ರಾಣ ಪಾಲಕರಿಗೆ, ಗೂಟಗಳು ನೂರ ಹನ್ನೆರಡರೊಂದಿಗೆ. ಮಣ್ಣು ತೊಳೆಯಲಾಗಿದೆ.
೩. ಮೋಜಣಿದಾರರಿಗೆ, ನಕ್ಷೆಯ ನಾಲ್ಕು ಹಾಳೆಗಳಲ್ಲಿ ಯಾವುದು ಸರಿಯೆಂದು ತಿಳಿಸಲು.
೪. ಮೋಜಣಿದಾರರ ತಾಯಿಯವರಿಗೆ, ನಿಯಮ ೯ನ್ನು ಮಗನಿಂದ ಎರಡು ಬಾರಿ ಓದಿಸಿಕೊಳ್ಳಲು.
೫. ಚಾಲಕರಿಗೆ, ಭಾನುವಾರದೊಳಗೆ ತಲುಪುವಂತೆ.
೬. ಟಪಾಲು ಗುಮಾಸ್ತೆ, ಉಪಕಚೇರಿ, ಇವರಿಗೆ. ಸ್ವೀಕೃತಿಗೆ ಮೇಜಿನ ಯಾವ ಬದಿಯಿಂದ ಸಹಿ ಮಾಡಿದರೂ ಸಾಕು.
೭. ಸೂಚನಾ ಫಲಕಕ್ಕೆ.
೮. ಕಚೇರಿ ಪ್ರತಿ.
೯. ಹೆಚ್ಚುವರಿ ಪ್ರತಿ, ಮಾದರಿಗಳನ್ನು ಕಟ್ಟಿಕೊಳ್ಳಲು ಬಳಕೆಯಾಗಿದೆ.